ಸತ್ತವರು ದೇವದೂತರಾಗುತ್ತಾರಾ?

"ಒಳ್ಳೆಯವರು ಸತ್ತ ಮೇಲೆ ದೇವದೂತರಾಗ್ತಾರೆ ಅಂತ ನಿಮ್ಮ ಬೈಬಲ್‌ನಲ್ಲಿದೆ ಅಲ್ವಾ?" ನಾನು ಕ್ರೈಸ್ತಳು ಎಂದು ಗೊತ್ತಾದವರು ಬೇಗನೆ ಕೇಳಿಬಿಡುವ ಪ್ರಶ್ನೆ ಇದು. ಬೇರೆ ಧರ್ಮದ ಗೆಳೆಯರು ಕೇಳುತ್ತಾರೆ. ಭಾನುವಾರ ತಪ್ಪದೆ ಚರ್ಚ್‌ಗೆ ಬರುವವರೂ ಕೇಳುತ್ತಾರೆ. ಮಗು ತೀರಿಕೊಂಡ ಮನೆಯಲ್ಲಂತೂ ಇದು ಸಮಾಧಾನದ ಮಾತಾಗಿ ಬರುತ್ತದೆ: "ಅವಳೀಗ ದೇವರ ಹತ್ತಿರ ಪುಟ್ಟ ದೇವದೂತೆ." ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ಹೆತ್ತವರ ಮುಂದೆ ಪಾಠ ಮಾಡಲು ಯಾರಿಗೂ ಹಕ್ಕಿಲ್ಲ.

ಆದರೆ ನಿಜವಾಗಿ ತಿಳಿಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಇಲ್ಲ. ಬೈಬಲ್‌ನಲ್ಲಿ ಎಲ್ಲೂ ಮನುಷ್ಯರು ಸತ್ತು ದೇವದೂತರಾಗುವುದಿಲ್ಲ. ಸತ್ತವರಿಗೆ ಅದು ಕೊಡುವ ಮಾತೇ ಬೇರೆ. ನನ್ನ ಪ್ರಕಾರ ಅದು ದೇವದೂತರಾಗುವುದಕ್ಕಿಂತ ದೊಡ್ಡ ಮಾತು.

ಈ ನಂಬಿಕೆಯ ಒಂದು ಎಳೆ ಯೇಸುವಿನ ಮಾತಿನಿಂದಲೇ ಬಂದದ್ದು. ಯೆರೂಸಲೇಮಿನಲ್ಲಿ ಸದ್ದುಕಾಯರು ಎಂಬ ಗುಂಪಿತ್ತು. ದೊಡ್ಡ ಯಾಜಕ ಮನೆತನಗಳಿಗೆ ಹತ್ತಿರದವರು. ಸತ್ತವರು ಮತ್ತೆ ಏಳುತ್ತಾರೆ ಎಂಬುದನ್ನು ಅವರು ಒಪ್ಪುತ್ತಿರಲಿಲ್ಲ. ಯೇಸುವನ್ನು ಸಿಕ್ಕಿಸಲು ಒಂದು ಕತೆ ಕಟ್ಟಿಕೊಂಡು ಬಂದರು. ಏಳು ಜನ ಅಣ್ಣತಮ್ಮಂದಿರು. ದೊಡ್ಡವನು ಮಕ್ಕಳಿಲ್ಲದೆ ಸತ್ತ. ಮೋಶೆಯ ಕಟ್ಟಳೆಯಂತೆ ಎರಡನೆಯವನು ಅತ್ತಿಗೆಯನ್ನು ಮದುವೆಯಾದ. ಅವನೂ ಸತ್ತ. ಹೀಗೇ ಏಳೂ ಜನ ಹೋದರು, ಕೊನೆಗೆ ಆಕೆಯೂ ಹೋದಳು. "ಎಲ್ಲರೂ ಎದ್ದ ದಿನ ಆಕೆ ಯಾರ ಹೆಂಡತಿ?" ಎಂಬುದು ಪ್ರಶ್ನೆ. ಎದ್ದವರು ಮದುವೆ ಮಾಡಿಕೊಳ್ಳುವುದಿಲ್ಲ, ಪರಲೋಕದ ದೂತರಂತೆ ಇರುತ್ತಾರೆ ಎಂದು ಯೇಸು ಉತ್ತರಿಸಿದ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆ ಕಾರಣವನ್ನೂ ಕೊಡುತ್ತದೆ: ಅವರು ಇನ್ನು ಸಾಯಲಾರರು. ಸಾವಿಲ್ಲದ ಮೇಲೆ ವಂಶ ಉಳಿಸುವ ಮದುವೆ ಯಾಕೆ? ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಜನ ಅದನ್ನು ಎಳೆದು ರೆಕ್ಕೆಯವರೆಗೂ ತಂದರು.

ಇನ್ನೊಂದು ಎಳೆ ಯುರೋಪಿನದು. ಸ್ವೀಡನ್ನಿನ ಇಮ್ಯಾನುಯೆಲ್ ಸ್ವೀಡನ್‌ಬೋರ್ಗ್ ಮೊದಲು ಗಣಿ ಇಲಾಖೆಯಲ್ಲಿದ್ದ ವಿಜ್ಞಾನಿ. ಆಮೇಲೆ ದರ್ಶನಗಳ ಕಡೆ ತಿರುಗಿದ. 1758ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ, ದೇವದೂತರೆಲ್ಲ ಒಂದು ಕಾಲಕ್ಕೆ ಮನುಷ್ಯರೇ ಆಗಿದ್ದರು ಎಂದು ಬರೆದ. ದೊಡ್ಡ ಚರ್ಚ್‌ಗಳು ಇದನ್ನು ಒಪ್ಪಲಿಲ್ಲ. ಚಿತ್ರಕಾರರ ಪಾಲೂ ಕಮ್ಮಿಯಿಲ್ಲ. ರಾಫೆಲ್ ಸುಮಾರು 1512ರಲ್ಲಿ ಬರೆದ, ಯೇಸುವಿನ ತಾಯಿ ಮರಿಯಳ ಚಿತ್ರದ ಕೆಳಗೆ ಕಟ್ಟೆಗೆ ಒರಗಿ ಮೇಲೆ ನೋಡುತ್ತಿರುವ ರೆಕ್ಕೆಯ ಮಕ್ಕಳಿಬ್ಬರನ್ನು ನೀವೂ ನೋಡಿರುತ್ತೀರಿ. ಚಿತ್ರ ಇರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಮಕ್ಕಳು ಮಾತ್ರ ಎಲ್ಲ ಗ್ರೀಟಿಂಗ್ ಕಾರ್ಡಿನ ಮೇಲೂ ಇದ್ದಾರೆ!

ಬೈಬಲ್‌ನ ದೂತರು ಇಷ್ಟು ಮುದ್ದಾಗಿಲ್ಲ. ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಕೆರೂಬಿಗಳೆಂಬ ಪರಲೋಕದ ಜೀವಿಗಳಿಗೆ ನಾಲ್ಕು ಮುಖ. ಇನ್ನೊಬ್ಬ ಪ್ರವಾದಿ ಯೆಶಾಯ ಕಂಡ ಸೆರಾಫಿಯರೆಂಬವರಿಗೆ ಆರು ರೆಕ್ಕೆ, ಎರಡರಿಂದ ಮುಖ ಮುಚ್ಚಿಕೊಂಡಿರುತ್ತಾರೆ. ಉಳಿದ ಕಡೆ ಬಹಳ ಸಲ ಸಾಧಾರಣ ಗಂಡಸರ ರೂಪದಲ್ಲಿ ಬರುತ್ತಾರೆ. ಅಬ್ರಹಾಮನ ಗುಡಾರದ ಹತ್ತಿರ ಬಂದ ಮೂವರು ಮರದ ಕೆಳಗೆ ಕೂತು ರೊಟ್ಟಿ, ಮಾಂಸ ಊಟ ಮಾಡಿದರು. ಆದರೆ ತೇಜಸ್ಸಿನಲ್ಲಿ ಬಂದಾಗ ಎದುರಿಗಿದ್ದವರು ನಡುಗುತ್ತಾರೆ. ಅದಕ್ಕೇ ದೂತರ ಮೊದಲ ಮಾತು ಎಷ್ಟೋ ಸಲ "ಹೆದರಬೇಡ". ಇನ್ನೂ ಒಂದು ವಿಷಯ. ಯೋಬನ ಗ್ರಂಥದಲ್ಲಿ ದೇವರು ಭೂಮಿಗೆ ಅಸ್ತಿವಾರ ಹಾಕಿದಾಗ ದೇವಕುಮಾರರು ಆನಂದದಿಂದ ಕೂಗಿದರು ಎಂದಿದೆ. ಇವರನ್ನು ದೂತರೆಂದೇ ಓದುವುದು ರೂಢಿ. ಮೊದಲ ಮನುಷ್ಯ ಹುಟ್ಟುವ ಮೊದಲೇ ಅವರಿದ್ದರು ಎಂದಾಯಿತು.

ಸರಿ, ಹಾಗಾದರೆ ಸತ್ತವರ ಗತಿ ಏನು?

ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆ ಬಹುಪಾಲು ಇದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಸತ್ತವರು ಪಾತಾಳಕ್ಕೆ ಇಳಿಯುತ್ತಾರೆ, ಅಲ್ಲಿ ಮೌನ, ಅಷ್ಟೇ. ಮಾತು ಬಿಚ್ಚಿಕೊಳ್ಳುವುದು ದಾನಿಯೇಲನ ಗ್ರಂಥದ 12ನೇ ಅಧ್ಯಾಯದಲ್ಲಿ. ಮೊದಲ ಎರಡೇ ವಚನಗಳಲ್ಲಿ ಮೂರು ಸಂಗತಿ ಒಟ್ಟಿಗೆ ಬಂದುಬಿಡುತ್ತವೆ. ಮಹಾದೂತ ಮೀಕಾಯೇಲ ಎದ್ದು ನಿಲ್ಲುತ್ತಾನೆ. ಧೂಳಿನಲ್ಲಿ ಮಲಗಿದವರು ಎಚ್ಚರಗೊಳ್ಳುತ್ತಾರೆ. ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿತ್ಯ ಅವಮಾನ. ದೂತ, ಪುನರುತ್ಥಾನ, ನ್ಯಾಯತೀರ್ಪು. ಕ್ರೈಸ್ತರು ಆಮೇಲೆ ಹೇಳಿದ್ದಕ್ಕೆಲ್ಲ ಬೀಜ ಇಲ್ಲೇ ಇದೆ.

ಈ ಪುಸ್ತಕ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 2ನೇ ಶತಮಾನದಲ್ಲಿ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಅದು ಇನ್ನೂ ಹಿಂದೆ, ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಲ್ಲಿದ್ದ ಕಾಲದ್ದೇ ಎನ್ನುವವರೂ ಇದ್ದಾರೆ. ಕ್ರಿ.ಪೂ. 167ರ ಹೊತ್ತಿಗೆ ಸಿರಿಯಾದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದ್ದ. ದೇವರ ಮಾತು ಕೇಳಿದ ತಪ್ಪಿಗೇ ಜನ ಕೊಲೆಯಾದರು. ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂಬ ಹಳೆಯ ಲೆಕ್ಕ ಅಲ್ಲಿ ಮುರಿದುಬಿತ್ತು. ಕಥೋಲಿಕರ ಬೈಬಲ್‌ನಲ್ಲಿರುವ ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಆ ಕಾಲದ ಒಂದು ಕತೆಯಿದೆ. ಒಬ್ಬ ತಾಯಿ, ಏಳು ಗಂಡುಮಕ್ಕಳು. ಹಂದಿಮಾಂಸ ತಿನ್ನಲು ಒಪ್ಪದ್ದಕ್ಕೆ ಒಬ್ಬೊಬ್ಬರನ್ನೇ ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ. ಮೂರನೆಯವನು ನಾಲಗೆ ಚಾಚಿ, ಕೈಗಳನ್ನು ಮುಂದೊಡ್ಡುತ್ತಾನೆ. ಇವು ನನಗೆ ಪರಲೋಕದಿಂದ ಸಿಕ್ಕವು, ಅಲ್ಲಿಂದಲೇ ಇವನ್ನು ಮತ್ತೆ ಪಡೆಯುತ್ತೇನೆ ಎನ್ನುತ್ತಾನೆ.

ಪುನರುತ್ಥಾನ ಅಂದರೇನು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಆ ಹುಡುಗ ಆತ್ಮ ಹಾರಿಹೋಗುತ್ತದೆ ಎನ್ನಲಿಲ್ಲ. ಕತ್ತರಿಸಿದ ಕೈಯನ್ನು ವಾಪಸ್ ಕೇಳಿದ. ಅನ್ಯಾಯ ಆದದ್ದು ಮೈಗೆ. ಮೈ ಮರಳಿ ಬಾರದೆ ನ್ಯಾಯ ಆಯಿತು ಅನ್ನುವುದು ಹೇಗೆ? ಅದಕ್ಕೇ ಬೈಬಲ್‌ನಲ್ಲಿ ಪುನರುತ್ಥಾನ ಮತ್ತು ತೀರ್ಪು ಬಹಳ ಸಲ ಜೋಡಿಯಾಗಿ ಬರುತ್ತವೆ. ಅವನ್ನು ಬಿಡಿಸಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ.

ಸುವಾರ್ತೆಗಳಲ್ಲೂ ಇದೇ ಹಟ. ಎದ್ದು ಬಂದ ಯೇಸುವನ್ನು ಶಿಷ್ಯರು ಭೂತ ಅಂದುಕೊಂಡಾಗ, ಆತ ಕೈಕಾಲು ತೋರಿಸಿ, ತಿನ್ನಲು ಏನಾದರೂ ಇದೆಯಾ ಎಂದು ಕೇಳಿ, ಸುಟ್ಟ ಮೀನಿನ ತುಂಡನ್ನು ಅವರೆದುರೇ ತಿನ್ನುತ್ತಾನೆ. ಮೊಳೆಯ ಗಾಯಗಳು ಇನ್ನೂ ಇವೆ. ಸಮಾಧಿಯ ಹತ್ತಿರ ದೂತರೂ ಇದ್ದಾರೆ. ಮತ್ತಾಯನಲ್ಲಿ ಒಬ್ಬ, ಯೋಹಾನನಲ್ಲಿ ಇಬ್ಬರು. ಕಲ್ಲು ಉರುಳಿಸುವುದು, ಬಂದವರಿಗೆ ಸುದ್ದಿ ಹೇಳುವುದು ಅವರ ಕೆಲಸ. ಎಬ್ಬಿಸಿದ್ದು ಅವರಲ್ಲ.

ಗ್ರೀಕರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಯೇಸುವಿನ ಸುದ್ದಿ ಸಾರುತ್ತಾ ಊರೂರು ತಿರುಗಿದ ಪೌಲ ಅಥೇನೆಯಲ್ಲಿ (ಅಥೆನ್ಸ್) ಈ ಮಾತು ಎತ್ತಿದ್ದೇ ತಡ, ಕೆಲವರು ನಕ್ಕರು. ಕೊರಿಂಥದ ಸಭೆಯವರು "ಯಾವ ಥರದ ದೇಹದಲ್ಲಿ ಬರುತ್ತಾರೆ?" ಎಂದು ಕೆಣಕಿದರು. ಪೌಲ ಬೀಜದ ಮಾತು ತೆಗೆದ. ಬಿತ್ತಿದ್ದು ಬರೀ ಕಾಳು, ಏಳುವುದು ಪೈರು. ಅದೇ, ಆದರೆ ಅದೇ ಅಲ್ಲ.

"ಸುಟ್ಟುಬಿಟ್ಟರೆ ಏಳೋದು ಹೇಗೆ?" ಎಂದು ನಮ್ಮ ಕಡೆ ತಪ್ಪದೆ ಕೇಳುತ್ತಾರೆ. ಹಳೇ ಪ್ರಶ್ನೆ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇನ್ನು ಹೇಗೆ ಏಳುತ್ತಾರೋ ನೋಡೋಣ ಎಂಬುದು ಅವರ ಲೆಕ್ಕ. ಮನುಷ್ಯನನ್ನು ಮಣ್ಣಿನಿಂದ ಮಾಡಿದ ದೇವರಿಗೆ ಬೂದಿ ಕಷ್ಟವೇ? ಕಥೋಲಿಕ ಚರ್ಚ್ 1963ರಲ್ಲಿ ದಹನಕ್ಕೆ ಅನುಮತಿಯನ್ನೂ ಕೊಟ್ಟಿತು. ಹೂಳುವುದೇ ಮೇಲು ಎಂದು ಈಗಲೂ ಹೇಳುತ್ತದೆ.

ಇನ್ನು ತೀರ್ಪಿನ ದಿನ. "ದೇವದೂತರು ಅಂದ್ರೆ ಯಮದೂತರ ಥರಾನಾ? ಪುಸ್ತಕ ತೆಗೆಯೋದು ಚಿತ್ರಗುಪ್ತನ ಲೆಕ್ಕದ ಥರಾನಾ?" ಎಂದು ಕೇಳುತ್ತಾರೆ. ಸ್ವಲ್ಪ ಹೌದು. ಯೇಸು ಹೇಳಿದ ಕತೆಯಲ್ಲಿ ಬಡ ಲಾಜರ ಸತ್ತಾಗ ದೂತರು ಅವನನ್ನು ಹೊತ್ತು ಅಬ್ರಹಾಮನ ಬಳಿಗೆ ಒಯ್ಯುತ್ತಾರೆ. ಲೋಕದ ಕೊನೆಯಲ್ಲಿ ಕೊಯ್ಯುವವರು ದೂತರು ಎಂದು ಮತ್ತಾಯನ 13ನೇ ಅಧ್ಯಾಯ ಹೇಳುತ್ತದೆ. ತುತೂರಿಯ ಶಬ್ದದೊಡನೆ ನಾಲ್ಕೂ ದಿಕ್ಕಿನಿಂದ ಜನರನ್ನು ಕೂಡಿಸುವವರೂ ಅವರೇ ಎಂದು 24ನೆಯದು. ಆದರೆ ತೀರ್ಪು ಹೇಳುವುದು ಅವರ ಕೈಯಲ್ಲಿಲ್ಲ. ಅದು ದೇವರ ಮಗನದು, ಅಂದರೆ ಯೇಸುವಿನದು ಎಂದು ಯೋಹಾನ ಬರೆಯುತ್ತಾನೆ.

ಪುಸ್ತಕಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ ದೊಡ್ಡ ಬಿಳಿ ಸಿಂಹಾಸನ. ಸಮುದ್ರ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸುತ್ತದೆ. ಎಲ್ಲರ ಕೃತ್ಯ ಬರೆದ ಪುಸ್ತಕಗಳು ತೆರೆಯುತ್ತವೆ. ಅದರ ಜೊತೆ ಇನ್ನೊಂದು ಪುಸ್ತಕ, ಜೀವಬಾಧ್ಯರದು. ಅದರಲ್ಲಿರುವುದು ಹೆಸರುಗಳು. ಅಂತಿಮವಾಗಿ ನೋಡುವುದು ಹೆಸರು ಇದೆಯಾ ಎಂದು. ಚಿತ್ರಗುಪ್ತನ ಲೆಕ್ಕದ ಮೇಲೆ ಮುಂದಿನ ಜನ್ಮ ನಿಂತಿದೆ; ಇಲ್ಲಿ ಮುಂದಿನ ಜನ್ಮವೇ ಇಲ್ಲ. ಕೃತ್ಯ ಎಷ್ಟು, ಕೃಪೆ ಎಷ್ಟು ಎಂದು ಕಥೋಲಿಕರೂ ಪ್ರೊಟೆಸ್ಟೆಂಟರೂ 500 ವರ್ಷ ವಾದ ಮಾಡಿದ್ದಾರೆ. ನಾನು ಆ ಗುದ್ದಾಟಕ್ಕೆ ಹೋಗುವುದಿಲ್ಲ. ಕೊನೆಗೆ ಬೆಂಕಿಯ ಕೆರೆಗೆ ಬೀಳುವವರಲ್ಲಿ ಸಾವೂ ಇದೆ ಎಂಬುದನ್ನು ಮಾತ್ರ ಗಮನಿಸಿ. ಮತ್ತಾಯನ 25ರ ಪ್ರಕಾರ ಆ ಬೆಂಕಿಯನ್ನು ಸಿದ್ಧ ಮಾಡಿದ್ದು ಸೈತಾನನಿಗೆ ಮತ್ತು ಅವನ ದೂತರಿಗೆ. ದೂತರಲ್ಲೂ ಕೆಟ್ಟವರಿದ್ದಾರೆ, ಅವರಿಗೂ ತೀರ್ಪಿದೆ.

ಆ ದಿನ ಯಾವಾಗ ಎಂದು ಕೇಳಬೇಡಿ. ಪ್ರಕಟನೆ ಹೇಳುವ ಯೇಸುವಿನ ಸಾವಿರ ವರ್ಷದ ಆಳ್ವಿಕೆ ಮೊದಲೋ, ಆತ ಮತ್ತೆ ಬರುವುದು ಮೊದಲೋ ಎಂದು ಸಭೆಗೊಂದು ಚಾರ್ಟ್ ಇದೆ. ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿ 2011ರ ಮೇ 21 ಎಂದ. ಎರಡೂ ದಿನ ಸುಮ್ನೆ ಕಳೆದವು. ಆ ದಿನ ದೂತರಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದ. ವಾಟ್ಸಾಪ್‌ನಲ್ಲಿ ತಾರೀಖು ಫಾರ್ವರ್ಡ್ ಮಾಡುವವರು ದೂತರಿಗಿಂತ ಜಾಸ್ತಿ ತಿಳಿದವರು ಅಂತಾಯ್ತು.

ಸತ್ತವರು ದೂತರಾಗುವುದಕ್ಕಿಂತ ಇದು ದೊಡ್ಡ ಮಾತು ಎಂದೆನಲ್ಲ, ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ದೂತರನ್ನು ಇಬ್ರಿಯರಿಗೆ ಬರೆದ ಪತ್ರ ಸೇವಕರು ಎನ್ನುತ್ತದೆ, ರಕ್ಷಣೆ ಹೊಂದುವ ಮನುಷ್ಯರಿಗಾಗಿ ಕಳಿಸಿದ ಸೇವಕರು. ಪ್ರಕಟನೆಯ ಕೊನೆಯಲ್ಲಿ ಯೋಹಾನ ದೂತನ ಕಾಲಿಗೆ ಬೀಳಲು ಹೋದಾಗ ಆತ ತಡೆಯುತ್ತಾನೆ: ಬೇಡ, ನಾನೂ ನಿನ್ನ ಜೊತೆ ಕೆಲಸದವನೇ. ಪೌಲನಂತೂ ಇನ್ನೂ ಮುಂದೆ ಹೋಗುತ್ತಾನೆ. ನಾವು ದೇವದೂತರಿಗೇ ತೀರ್ಪು ಹೇಳುವವರು ಎಂದು ಕೊರಿಂಥದವರಿಗೆ ಬರೆಯುತ್ತಾನೆ. ಯಾವ ಸಂದರ್ಭದಲ್ಲಿ ಗೊತ್ತಾ? ಸಭೆಯ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ದೂತರ ನ್ಯಾಯ ತೀರಿಸಬೇಕಾದವರು ನೀವು, ಇಷ್ಟು ಸಣ್ಣ ಜಗಳ ಮನೆಯೊಳಗೇ ಬಗೆಹರಿಸಿಕೊಳ್ಳಲು ನಿಮ್ಮಲ್ಲಿ ಬುದ್ಧಿವಂತ ಒಬ್ಬನೂ ಇಲ್ಲವೇ ಎಂದು ಬೈಯುತ್ತಾನೆ. ನಮ್ಮ ಸಭೆಗಳ ಆಸ್ತಿ ಕೇಸುಗಳನ್ನು ನೋಡಿದ್ದರೆ ಆ ಪತ್ರ ಇನ್ನೂ ಉದ್ದವಾಗಿರುತ್ತಿತ್ತು.