ಮಂಗಳೂರಿಗೆ ಕಿಡ್ನಿ ಕಸಿಗೆ ಹೊರಡುವ ಮೊದಲು ಫೈಲು ಸರಿಮಾಡಿಕೊಳ್ಳಿ

ಕೇರಳದ ಕಾಸರಗೋಡು, ಮಂಜೇಶ್ವರ ಕಡೆಯ ಡಯಾಲಿಸಿಸ್ ರೋಗಿಗಳಲ್ಲಿ ತುಂಬ ಮಂದಿ ಕಸಿಗೆ ಮಂಗಳೂರಿಗೇ ಹೋಗುತ್ತಾರೆ. ಗಡಿಯ ತಲಪಾಡಿ ದಾಟಿದರೆ ರಾಜ್ಯ ಬೇರೆ, ಕೆಲವು ದಾನಿಗಳಿಗೆ ಕಾಗದವೂ ಹೆಚ್ಚು. ಹಾಗಾಗಿ ಕಸಿಯ ಕಾಗದಪತ್ರ ನೋಡುವ ನಾವು ರಕ್ತದ ಗುಂಪಿಗಿಂತ ಮೊದಲು ಕೇಳುವ ಪ್ರಶ್ನೆ: ದಾನಿ ರೋಗಿಗೆ ಏನಾಗಬೇಕು?

1994ರ ಅಂಗಾಂಗ ಕಸಿ ಕಾಯ್ದೆ, 2011ರ ತಿದ್ದುಪಡಿಯ ನಂತರ, ಹತ್ತಿರದ ಸಂಬಂಧಿ ಎಂದು ಒಪ್ಪುವುದು ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನು ಮಾತ್ರ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನಿಗೆ ಅಳಿಯ, ಅಂದರೆ ಅಕ್ಕ-ತಂಗಿಯ ಮಗ, ಕಿಡ್ನಿ ಕೊಡಲು ಮುಂದೆ ಬರುವುದು ಸಹಜ. ಕೊಡಬಾರದೆಂದಿಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಅವನು ಹೊರಗಿನವನು. ಅತ್ತಿಗೆ, ಚಿಕ್ಕಪ್ಪನ ಮಗನದೂ ಅದೇ ಕತೆ. ಆಗ ಫಾರಂ 3 ತುಂಬಬೇಕು, ಕಸಿಗೆ ಅನುಮತಿ ಕೊಡುವ ಆಥರೈಸೇಶನ್ ಕಮಿಟಿಯ ಮುಂದೆ ಸಂದರ್ಶನಕ್ಕೆ ಕೂರಬೇಕು. ಆ ಸಂದರ್ಶನದ ವಿಡಿಯೊ ಆಗುತ್ತದೆ. ದಾನಿ, ರೋಗಿ ಇಬ್ಬರ ಹಿಂದಿನ ಮೂರು ಹಣಕಾಸು ವರ್ಷಗಳ ಆದಾಯದ ದಾಖಲೆ ಕೇಳುತ್ತಾರೆ. ಆದಾಯದಲ್ಲಿ ಅಜಗಜಾಂತರವಿದ್ದರೆ ದುಡ್ಡಿನ ವ್ಯವಹಾರದ ಸಂಶಯ ಬರುತ್ತದೆ, ಬರಲೂಬೇಕು. ಅಂಗ ಮಾರಾಟಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಇಂಥ ದಾನಿ ಹೊರರಾಜ್ಯದವರಾದರೆ ವಾಸಸ್ಥಳ ದೃಢೀಕರಿಸುವ ಫಾರಂ 20ನ್ನು ಊರಿನ ತಹಶೀಲ್ದಾರರಿಂದ ತರಬೇಕು. ಇದನ್ನು ಕೊನೆಗೆ ಇಟ್ಟುಕೊಂಡವರ ಕಸಿ ಮುಂದೆ ಹೋಗುತ್ತಲೇ ಇರುತ್ತದೆ.

ಫೈಲು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಸುಮತಿ ಕೆ.’, ಶಾಲೆಯ ಸರ್ಟಿಫಿಕೇಟಿನಲ್ಲಿ ‘ಸುಮತಿ ರೈ’, ಮಲಯಾಳದ ರೇಶನ್ ಕಾರ್ಡಿನಲ್ಲಿ ಮನೆ ಹೆಸರು ಬೇರೆ. ಕೇರಳದ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ, ಈ ಹೆಸರೆಲ್ಲ ಒಬ್ಬರದೇ ಎನ್ನುವ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಮಾಡಿಸಿ, ಜೊತೆಗೇ ಸಂಬಂಧ ತೋರಿಸುವ ರಿಲೇಶನ್‌ಶಿಪ್ ಸರ್ಟಿಫಿಕೇಟನ್ನೂ ತೆಗೆದುಕೊಳ್ಳಿ. ಮಲಯಾಳದ ಕಾಗದಗಳಿಗೆ ನೋಟರಿ ಸಹಿಯಾದ ಅನುವಾದ ಲಗತ್ತಿಸಿ. ದಂಪತಿಯಾದರೆ ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರವೂ ಇರಲಿ. ರಕ್ತಸಂಬಂಧಕ್ಕೆ ದಾಖಲೆ ಸಾಲದಿದ್ದರೆ ಡಿಎನ್ಎ ಪರೀಕ್ಷೆಯಾಗುತ್ತದೆ.

ಹೆಂಡತಿ ದಾನಿಯಾದಾಗ ಸಂದರ್ಶನದಲ್ಲಿ ಗಂಡ ಪಕ್ಕದಲ್ಲಿ ಕುಳಿತು ಉತ್ತರ ಹೇಳುವಂತಿಲ್ಲ. ದಾನಿ ಹೆಂಗಸಾದರೆ ಆಕೆಯ ಸ್ವಂತ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ಖಚಿತಪಡಿಸಬೇಕೆಂದು 2014ರ ನಿಯಮಗಳೇ ಹೇಳುತ್ತವೆ. ಆಪರೇಶನ್ನಿನ ಹಿಂದಿನ ದಿನವೂ ಆಕೆ ಬೇಡ ಎನ್ನಬಹುದು. ಮನೆಯವರು ಈ ಮಾತನ್ನು ಆಕೆಗೆ ಮೊದಲೇ ಹೇಳಿರಲಿ.

ಕಮಿಟಿ ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಪ್ರತಿ ಕೇಳಿ ಪಡೆಯಿರಿ. ಸರಕಾರಕ್ಕೆ ಮೇಲ್ಮನವಿ ಹಾಕಲು 30 ದಿನ ಮಾತ್ರ ಇರುತ್ತದೆ.