ಓನ್ ಬಿಟ್ ಮೊದಲೋ, ಡೋರ್‌ಬೆಲ್ ಮೊದಲೋ

ಎಸ್‌ಟಿಎಂ32ಎಫ್7 ಮೈಕ್ರೋಕಂಟ್ರೋಲರ್ ಮೇಲೆ ಈಥರ್ನೆಟ್ ಡ್ರೈವರ್ ಬರೆಯುವಾಗ ಕಾಡುವ ಒಂದು ಲಕ್ಷಣವಿದೆ. ಬೋರ್ಡಿಗೆ ಪಿಂಗ್ ಮಾಡಿದರೆ ಉತ್ತರವಿಲ್ಲ. ಎರಡನೇ ಪಿಂಗ್ ಕಳಿಸಿದಾಗ ಮೊದಲನೆಯದರ ಉತ್ತರವೂ ಒಟ್ಟಿಗೇ ಬಂದು ಬೀಳುತ್ತದೆ. ಡಿಬಗ್ಗರ್ ಹಾಕಿ ಸಾಲುಸಾಲಾಗಿ ಓಡಿಸಿದರೆ ಎಲ್ಲ ಸರಿ. ಹೀಗಾಗಿ ನಡುವೆ ಒಂದು ಡಿಲೇ ತುರುಕಿ ಕೈತೊಳೆದುಕೊಳ್ಳುವವರೇ ಹೆಚ್ಚು.

ಫ್ರೇಮ್ ಕಳಿಸುವ ಕ್ರಮ ಹೀಗೆ: ಡೇಟಾವನ್ನು ಬಫರ್‌ಗೆ ಕಾಪಿ ಮಾಡಬೇಕು, ಡಿಸ್ಕ್ರಿಪ್ಟರ್‌ನಲ್ಲಿ (ಫ್ರೇಮ್ ಎಲ್ಲಿದೆ, ಎಷ್ಟಿದೆ ಎಂದು ಡಿಎಂಎಗೆ, ಅಂದರೆ ಸಿಪಿಯು ನೆರವಿಲ್ಲದೆ ಮೆಮೊರಿ ಓದಿ ಬರೆಯುವ ಹಾರ್ಡ್‌ವೇರ್‌ಗೆ, ಹೇಳುವ ಚಿಕ್ಕ ದಾಖಲೆ) ಉದ್ದ ಮತ್ತು ಬಫರ್ ವಿಳಾಸ ತುಂಬಬೇಕು, ಅದರ ಮೊದಲ ವರ್ಡ್‌ನ 31ನೇ ಬಿಟ್, ಅಂದರೆ ಓನ್ ಬಿಟ್, 1 ಮಾಡಬೇಕು; 1 ಇದ್ದರೆ ಡಿಸ್ಕ್ರಿಪ್ಟರ್ ಡಿಎಂಎಯದು, 0 ಇದ್ದರೆ ಸಿಪಿಯುವಿನದು. ಕೊನೆಗೆ ಟ್ರಾನ್ಸ್‌ಮಿಟ್ ಪೋಲ್ ಡಿಮ್ಯಾಂಡ್ ರಿಜಿಸ್ಟರ್‌ಗೆ ಏನಾದರೊಂದು ಬರೆದು ಡಿಎಂಎಯನ್ನು ಎಬ್ಬಿಸಬೇಕು. ಇದೇ ಡೋರ್‌ಬೆಲ್. ಮೊದಲ ಮೂರೂ ಎಸ್‌ರ‍್ಯಾಮ್‌ಗೆ, ನಾರ್ಮಲ್ ಮೆಮೊರಿಗೆ. ಕೊನೆಯದು ಮಾತ್ರ ಡಿವೈಸ್ ಮೆಮೊರಿಗೆ, ಅಂದರೆ ರಿಜಿಸ್ಟರ್‌ಗಳ ವಿಳಾಸಕ್ಕೆ. ಈ ಎರಡು ಬಗೆಯ ಬರಹಗಳ ನಡುವೆ ಸಿಪಿಯುವಿನ ಆರ್ಮ್‌ವಿ7-ಎಂ ಆರ್ಕಿಟೆಕ್ಚರ್ ಯಾವ ಕ್ರಮವನ್ನೂ ಖಾತ್ರಿಪಡಿಸುವುದಿಲ್ಲ. ಓನ್ ಬಿಟ್ ಇನ್ನೂ ಸಿಪಿಯು ಆದ ಕಾರ್ಟೆಕ್ಸ್-ಎಂ7ರ ಸ್ಟೋರ್ ಬಫರ್‌ನಲ್ಲೇ (ಬರಹಗಳು ಮೆಮೊರಿ ಸೇರುವ ಮೊದಲು ಕಾಯುವ ಜಾಗ) ಇರುವಾಗ ಡೋರ್‌ಬೆಲ್ ತಲುಪಿಬಿಡಬಹುದು. ಡಿಎಂಎ ಎದ್ದು ಡಿಸ್ಕ್ರಿಪ್ಟರ್ ಓದುತ್ತದೆ, ಓನ್ 0 ಕಾಣುತ್ತದೆ, ಸ್ಟೇಟಸ್ ರಿಜಿಸ್ಟರ್‌ನಲ್ಲಿ ಟಿಬಿಯುಎಸ್ (ಕಳಿಸಲು ಬಫರ್ ಸಿಗಲಿಲ್ಲ ಎನ್ನುವ ಬಿಟ್) ಎತ್ತಿ ಮತ್ತೆ ಮಲಗುತ್ತದೆ. ಆಮೇಲೆ ಓನ್ 1 ಆದರೂ ನೋಡುವವರಿಲ್ಲ. ಮುಂದಿನ ಫ್ರೇಮ್‌ನ ಡೋರ್‌ಬೆಲ್ ಬಂದಾಗ ಎರಡೂ ಹೊರಡುತ್ತವೆ.

ಇದಕ್ಕಿಂತ ಕೆಟ್ಟದ್ದು ಡೇಟಾ ಸೇರುವ ಮೊದಲೇ ಓನ್ ಬಿಟ್ ಕಾಣಿಸಿಕೊಳ್ಳುವುದು. ಆಗ ಬಫರ್‌ನಲ್ಲಿದ್ದ ಹಳೆಯ ಬೈಟ್‌ಗಳೇ ಹೋಗುತ್ತವೆ. ದೋಷ ಪತ್ತೆಯ ಸಂಖ್ಯೆಯಾದ ಸಿಆರ್‌ಸಿಯನ್ನು ಕಳಿಸುವಾಗ ಹಾರ್ಡ್‌ವೇರೇ ಲೆಕ್ಕ ಹಾಕುವುದರಿಂದ ಕಸಕ್ಕೂ ಸರಿಯಾದ ಸಿಆರ್‌ಸಿ ಅಂಟಿರುತ್ತದೆ. ಪಡೆಯುವ ಕಡೆಯ ಎರರ್ ಕೌಂಟರ್ ಕದಲುವುದಿಲ್ಲ.

ಡಿಸ್ಕ್ರಿಪ್ಟರ್‌ಗೆ ಸಿ ಭಾಷೆಯ ವೊಲಟೈಲ್ ಹಾಕಿದೆಯಲ್ಲ ಎನ್ನಬಹುದು. ವೊಲಟೈಲ್ ಕಂಪೈಲರ್‌ಗೆ ಹೇಳಿದ ಮಾತು, ಅದೂ ವೊಲಟೈಲ್ ಅಲ್ಲದ ಬಫರ್ ಕಾಪಿಗೆ ಅನ್ವಯಿಸದ ಮಾತು. ಸಿಪಿಯುಗಂತೂ ಅದರ ಸುಳಿವೇ ಇಲ್ಲ.

ಆದ್ದರಿಂದ ಡೇಟಾ, ಉದ್ದ, ವಿಳಾಸ ಆದ ಮೇಲೆ ಒಂದು ಡಿಎಂಬಿ (ಹಿಂದಿನ ಮೆಮೊರಿ ಓದು-ಬರಹಗಳು ಮುಂದಿನವಕ್ಕಿಂತ ಮೊದಲೇ ಆಗುವಂತೆ ನೋಡಿಕೊಳ್ಳುವ ಬ್ಯಾರಿಯರ್ ಇನ್‌ಸ್ಟ್ರಕ್ಷನ್), ಆಮೇಲೆ ಓನ್ ಬಿಟ್, ಮತ್ತೊಂದು ಡಿಎಂಬಿ, ಆಮೇಲೆ ಡೋರ್‌ಬೆಲ್. ಪಡೆಯುವ ಕಡೆ, ಓನ್ 0 ಆದದ್ದನ್ನು ಓದಿದ ಮೇಲೆ, ಡೇಟಾ ಮುಟ್ಟುವ ಮೊದಲು ಒಂದು ಡಿಎಂಬಿ. ಆರ್ಮ್‌ನ ಸಿಎಂಸಿಸ್ ಲೈಬ್ರರಿ ಕೊಡುವ ಇಂಟ್ರಿನ್ಸಿಕ್ ಬಳಸಿದರೆ ಕಂಪೈಲರ್‌ಗೂ ತಡೆ ಬೀಳುತ್ತದೆ. ಜಿಸಿಸಿಯಲ್ಲಿ ಇನ್‌ಲೈನ್ ಅಸೆಂಬ್ಲಿ ಕೈಯಾರೆ ಬರೆದು ‘ಮೆಮೊರಿ’ ಕ್ಲಾಬರ್ (ಮೆಮೊರಿ ಬದಲಾಗಬಹುದು ಎಂದು ಕಂಪೈಲರ್‌ಗೆ ಕೊಡುವ ಸೂಚನೆ) ಮರೆತರೆ, ಇನ್‌ಸ್ಟ್ರಕ್ಷನ್ ಇದ್ದೂ ಬಫರ್ ಕಾಪಿ ಅದರ ಆಚೆಗೆ ಜಾರಬಹುದು.

ಬ್ಯಾರಿಯರ್ ಕ್ಯಾಶೆಯನ್ನು (ಮೆಮೊರಿಯ ನಕಲು ಇಟ್ಟುಕೊಳ್ಳುವ ಸಿಪಿಯು ಪಕ್ಕದ ವೇಗದ ಜಾಗ) ಖಾಲಿ ಮಾಡುವುದಿಲ್ಲ ಅನ್ನುವುದು ಎಷ್ಟು ಸಲ ಹೇಳಿದರೂ ಮರೆತುಹೋಗುವ ಸಂಗತಿ. ಎಂ7ರ ಕ್ಯಾಶೆ ಲೈನ್ 32 ಬೈಟ್, ಸಾಮಾನ್ಯ ಡಿಸ್ಕ್ರಿಪ್ಟರ್ 16 ಬೈಟ್. ಒಂದೇ ಲೈನಿನಲ್ಲಿ ಎರಡು ಕೂತರೆ, ಒಂದನ್ನು ಕ್ಲೀನ್ ಮಾಡುವಾಗ, ಅಂದರೆ ಲೈನನ್ನು ಮೆಮೊರಿಗೆ ಮರಳಿ ಬರೆಯುವಾಗ, ಪಕ್ಕದ್ದರಲ್ಲಿ ಡಿಎಂಎ 0 ಮಾಡಿದ್ದ ಓನ್ ಬಿಟ್ ಹಳೆಯ 1ಕ್ಕೆ ಮರಳುತ್ತದೆ. ಕ್ಲೀನ್, ಇನ್‌ವ್ಯಾಲಿಡೇಟ್ ಎಂದು ಒದ್ದಾಡುವ ಬದಲು ಡಿಸ್ಕ್ರಿಪ್ಟರ್‌ಗಳನ್ನು ಎಂಪಿಯು (ಮೆಮೊರಿ ಭಾಗಗಳ ಗುಣ ನಿಗದಿಮಾಡುವ ಘಟಕ) ಮೂಲಕ ನಾನ್-ಕ್ಯಾಶೆಬಲ್ ಜಾಗದಲ್ಲಿಡಿ: ಅದರ ಬಿಟ್‌ಗಳು ಟೆಕ್ಸ್ 1, ಸಿ 0, ಬಿ 0. ಬಫರ್‌ಗಳನ್ನು ಡಿವೈಸ್ ಮೆಮೊರಿ ಎಂದು ಗುರುತಿಸಬೇಡಿ; ಅಲೈನ್ ಆಗದ ಒಂದು ವರ್ಡ್ ಓದಿದರೂ ಫಾಲ್ಟ್. ಎಫ್7ರಲ್ಲಿ ಕ್ಯಾಶೆ ಮೂಲಕ ಹೋಗದ ಡಿಟಿಸಿಎಂ ಎಂಬ ಮೆಮೊರಿಯಲ್ಲಿಟ್ಟು ಪಾರಾಗಬಹುದು. ಆದರೆ ಅದೇ ಕೋಡ್ ಎಸ್‌ಟಿಎಂ32ಎಚ್7ಕ್ಕೆ ಒಯ್ದರೆ ಅಲ್ಲಿನ ಈಥರ್ನೆಟ್ ಡಿಎಂಎಗೆ ಡಿಟಿಸಿಎಂ ಕಾಣುವುದೇ ಇಲ್ಲ.

ಇದರ ಸೋದರ ಸಮಸ್ಯೆ ಇಂಟರಪ್ಟ್‌ನದು. ಟೈಮರ್ ಹ್ಯಾಂಡ್ಲರ್‌ನ ಕೊನೆಯ ಸಾಲಿನಲ್ಲಿ ಫ್ಲ್ಯಾಗ್ ಅಳಿಸಿದರೆ, ಆ ಬರಹ ನಿಧಾನದ ಎಪಿಬಿ ಬಸ್ ದಾಟುವ ಮೊದಲೇ ಹ್ಯಾಂಡ್ಲರ್ ಮುಗಿದು, ಇಂಟರಪ್ಟ್ ನಿಯಂತ್ರಕವಾದ ಎನ್‌ವಿಐಸಿಗೆ ಲೈನ್ ಇನ್ನೂ ಮೇಲಿರುವುದು ಕಂಡು, ಹ್ಯಾಂಡ್ಲರ್ ಮತ್ತೊಮ್ಮೆ ಓಡುತ್ತದೆ. ಫ್ಲ್ಯಾಗನ್ನು ಮೊದಲ ಸಾಲಿನಲ್ಲೇ ಅಳಿಸಿ. ಕೊನೆಯಲ್ಲೇ ಅಳಿಸಬೇಕಾದರೆ ಬರೆದ ಮೇಲೆ ಅದೇ ಸ್ಟೇಟಸ್ ರಿಜಿಸ್ಟರನ್ನು ಒಮ್ಮೆ ಓದಿ. ಹಿಂದಿನ ಬರಹ ಟೈಮರ್ ತಲುಪದೆ ಆ ಓದು ಮುಗಿಯುವುದಿಲ್ಲ. ಹಿಂದಿನ ಬರಹ ಮುಗಿಯುವವರೆಗೆ ಸಿಪಿಯುವನ್ನು ನಿಲ್ಲಿಸುವ ಡಿಎಸ್‌ಬಿ ಬ್ಯಾರಿಯರೂ ಸಾಮಾನ್ಯವಾಗಿ ಸಾಕು, ಆದರೆ ಬಸ್ ಬ್ರಿಡ್ಜ್‌ನಲ್ಲೇ ಬಫರ್ ಇದ್ದರೆ ಅದರ ಮಾತು ಅಲ್ಲಿವರೆಗೆ ನಡೆಯದು. ಹಾಗೆಯೇ ಈ ರಿಜಿಸ್ಟರನ್ನು ಓದಿ, ಆಂಡ್ ಮಾಡಿ, ಮರಳಿ ಬರೆಯಬೇಡಿ. ಓದಿಗೂ ಬರಹಕ್ಕೂ ನಡುವೆ ಎದ್ದ ಬೇರೆ ಫ್ಲ್ಯಾಗ್ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಅಳಿಸಬೇಕಾದ ಬಿಟ್ ಒಂದು ಮಾತ್ರ 0, ಉಳಿದವೆಲ್ಲ 1 ಇರುವ ಮೌಲ್ಯವನ್ನು ನೇರವಾಗಿ ಬರೆಯಿರಿ. ಅಲ್ಲಿ 1 ಬರೆದರೆ ಏನೂ ಆಗುವುದಿಲ್ಲ.