ಸದಾ ‘ನನಗೇ ಅನ್ಯಾಯ’ ಅನ್ನುವವರೇ ಆಫೀಸಿನಲ್ಲಿ ತಪ್ಪು ಮಾಡುತ್ತಾರಾ?

ಕಂಪನಿಗಳಲ್ಲಿ ನೌಕರರ ಮೇಲೆ ಆರೋಪ ಬಂದಾಗ ಒಳಗಿನ ವಿಚಾರಣೆ ನಡೆಸುವುದು ನನ್ನ ಕೆಲಸ. ಡೊಮೆಸ್ಟಿಕ್ ಎನ್‌ಕ್ವೈರಿ ಅಂತಾರಲ್ಲ, ಅದು. ಎಚ್‌ಆರ್‌ನವರು, ಯೂನಿಯನ್‌ನವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತ ನೆಂಟರು, ಯಾರು ಸಿಕ್ಕರೂ ಸುತ್ತಿ ಬಳಸಿ ಕೇಳುವುದು ಇದನ್ನೇ: “ಯಾವಾಗ್ಲೂ ನಂಗೇ ಮೋಸ ಆಗ್ತಿದೆ ಅಂತ ಗೋಳಾಡೋರೇ ಕೊನೆಗೆ ಏನಾದ್ರೂ ಮಾಡಿ ಸಿಕ್ಕಿಬೀಳೋದು, ಅಲ್ವಾ ಸಾರ್? ಅದು ಅವರ ಸ್ವಭಾವಾನಾ?”

ಸ್ವಲ್ಪ ಮಟ್ಟಿಗೆ ಹೌದು. ಆದರೆ ಇಷ್ಟು ಹೇಳಿದ ತಕ್ಷಣ “ನಾನು ಹೇಳ್ಲಿಲ್ವಾ” ಅಂತ ಖುಷಿಯಿಂದ ಎದ್ದು ಹೋಗುವ ಮ್ಯಾನೇಜರುಗಳೇ ಜಾಸ್ತಿ. ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಸ್ವಭಾವದ ಮಾತು. 2020ರಲ್ಲಿ ಇಸ್ರೇಲಿನ ಸಂಶೋಧಕರಾದ ರಹಾವ್ ಗಬಾಯ್ ಮತ್ತು ಜೊತೆಗಾರರು ಇದನ್ನೇ ಅಳೆಯಲು ಹೊರಟರು. ಮನೆ, ಗೆಳೆತನ, ಕೆಲಸ ಎಲ್ಲಿ ಹೋದರೂ ತಾನೇ ನೊಂದವನು ಅಂದುಕೊಳ್ಳುವುದು ಕೆಲವರಲ್ಲಿ ಗಟ್ಟಿಯಾಗಿ ನಿಂತುಬಿಟ್ಟ ಗುಣ ಅಂತ ಅವರು ತೋರಿಸಿದರು. ಅದರೊಳಗೆ ನಾಲ್ಕು ಎಳೆ ಇವೆಯಂತೆ. ತನ್ನ ನೋವನ್ನು ಎಲ್ಲರೂ ಒಪ್ಪಲೇಬೇಕು ಅನ್ನುವ ಹಟ. ಉಳಿದವರಿಗಿಂತ ತಾನೇ ನೀತಿವಂತ ಅನ್ನುವ ಭಾವನೆ. ಬೇರೆಯವರ ನೋವು ಕಣ್ಣಿಗೇ ಬೀಳದಿರುವುದು. ಆಮೇಲೆ, ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು. ಇಂಥವರಲ್ಲಿ ಸೇಡಿನ ಆಸೆಯೂ ಜಾಸ್ತಿ ಇರುತ್ತದೆ.

ನನಗೆ ಇದರಲ್ಲಿ ಮೂರನೆಯದೇ ಮುಖ್ಯ. ಸುಮ್ನೆ ಗೊಣಗುವವರು ಪ್ರತಿ ಆಫೀಸಿನಲ್ಲೂ ಇರುತ್ತಾರೆ, ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಬೈದು ಹೋಗಿ ಕೆಲಸ ಮಾಡುತ್ತಾರೆ, ಅವರಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು “ನನಗೆ ಇಷ್ಟೆಲ್ಲ ಆಗಿದೆ, ಇನ್ನು ನಾನು ಏನು ಮಾಡಿದರೂ ಲೆಕ್ಕಕ್ಕಿಲ್ಲ” ಅನ್ನುವ ಕಡೆ.

ಇದಕ್ಕೆ ದೊಡ್ಡ ಅನ್ಯಾಯವೇ ಆಗಬೇಕು ಅಂತೇನಿಲ್ಲ. 2010ರಲ್ಲಿ ಎಮಿಲಿ ಜಿಟೆಕ್ ಮತ್ತು ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಕಂಪ್ಯೂಟರಿನಲ್ಲಿ ಆಟ ಆಡಿಸಿದರು. ಒಂದಿಷ್ಟು ಜನ ನಿಯಮದಂತೆ ಸೋತರು. ಇನ್ನೊಂದಿಷ್ಟು ಜನರನ್ನು ಯಂತ್ರದ ದೋಷದಿಂದ ಸೋಲುವ ಹಾಗೆ ಮಾಡಿದರು. ಹಾಗೆ ‘ಅನ್ಯಾಯವಾಗಿ’ ಸೋತವರು ಮುಂದಿನ ಕೆಲಸದ ದುಡ್ಡಿನಲ್ಲಿ ತಮಗೇ ಜಾಸ್ತಿ ಪಾಲು ಕೇಳಿದರು. ಹೋಗುವಾಗ ಮೇಜಿನ ಮೇಲೆ ಕಸ ಬಿಟ್ಟು ಹೋಗಿದ್ದೂ ಅವರೇ ಜಾಸ್ತಿ, ಪ್ರಯೋಗ ಮಾಡಿದವರ ಪೆನ್ನು ಎತ್ತಿಕೊಂಡು ಹೋಗಿದ್ದೂ ಅವರೇ ಜಾಸ್ತಿ! ಅವರೇನೂ ಹುಟ್ಟಾ ಕಳ್ಳರಲ್ಲ. ನಿಮ್ಮ, ನಮ್ಮಂಥ ಮಾಮೂಲಿ ಜನ. ಒಂದು ಆಟದಲ್ಲಿ ಮೋಸ ಹೋದ ಸಿಟ್ಟಿಗೇ ಪೆನ್ನು ಜೇಬಿಗೆ ಹೋಗುತ್ತದೆ ಅಂದರೆ, ವರ್ಷಗಟ್ಟಲೆ ಪ್ರಮೋಷನ್ ತಪ್ಪಿದ ಸಿಟ್ಟಿಗೆ ಏನೇನು ಹೋಗಬಹುದು?

ವಿಚಾರಣೆಯ ಕೋಣೆಯಲ್ಲಿ ಕೇಳಿಬರುವ ಮಾತೂ ಹೀಗೇ ಇರುತ್ತದೆ. “ಓಟಿ ದುಡ್ಡು ಕೊಡ್ಲಿಲ್ಲ, ಅದಕ್ಕೆ ಟ್ಯಾಕ್ಸಿ ಬಿಲ್‌ನಲ್ಲಿ ಸರಿಮಾಡಿಕೊಂಡೆ.” “ಅವರೇನು ಸಾಚಾನಾ ಸಾರ್? ಮೊದ್ಲು ಅವರನ್ನ ಕೇಳಿ.” ಕದ್ದೆ ಅಂತ ಯಾರೂ ಹೇಳುವುದಿಲ್ಲ, ಬರಬೇಕಾದ್ದನ್ನು ತಗೊಂಡೆ ಅಂತಾರೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಹಣ ದುರುಪಯೋಗ ಮಾಡಿ ಜೈಲು ಸೇರಿದವರನ್ನು ಮಾತನಾಡಿಸಿ 1953ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ. ಯಾರಿಗೂ ಹೇಳಿಕೊಳ್ಳಲಾಗದ ಹಣದ ಕಷ್ಟ ಇರಬೇಕು, ಕೈಗೆಟುಕುವ ಅವಕಾಶ ಇರಬೇಕು, ಜೊತೆಗೆ ಮಾಡಿದ್ದು ತಪ್ಪಲ್ಲ ಅಂತ ತನಗೆ ತಾನೇ ಹೇಳಿಕೊಳ್ಳಲು ಒಂದು ನೆಪವೂ ಬೇಕು. ‘ನನಗೇ ಅನ್ಯಾಯ’ ಅನ್ನುವ ಸ್ವಭಾವದವರ ಹತ್ತಿರ ಆ ನೆಪ ಯಾವಾಗಲೂ ರೆಡಿ ಇರುತ್ತದೆ. ಸ್ವಭಾವಕ್ಕೂ ತಪ್ಪಿಗೂ ಇರುವ ನಂಟು, ನಾನು ಕಂಡಂತೆ, ಇಷ್ಟೇ.

ಇನ್ನು ಮ್ಯಾನೇಜರುಗಳಿಗೆ ಹಿಡಿಸದ ಭಾಗ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಚಾರ್ಜ್‌ಶೀಟ್ ಕೊಡುವವರು ನನ್ನ ಮುಂದೆ ಎಷ್ಟು ಸಲ ಗಾದೆ ಬಿಟ್ಟಿದ್ದಾರೋ. ಸರಿ ಸ್ವಾಮಿ, ಆದರೆ ನೆಲ ನಿಜವಾಗಿಯೂ ಡೊಂಕಿದ್ದರೆ? 1990ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಒಂದು ಕಂಪನಿ ಆರ್ಡರು ಕೈತಪ್ಪಿದ್ದರಿಂದ ತನ್ನ ಎರಡು ಕಾರ್ಖಾನೆಗಳಲ್ಲಿ 10 ವಾರಗಳ ಮಟ್ಟಿಗೆ ಶೇ. 15ರಷ್ಟು ಸಂಬಳ ಕಡಿತ ಮಾಡಿತು. ಮೂರನೆಯ ಕಾರ್ಖಾನೆಯ ಸಂಬಳ ಮುಟ್ಟಲಿಲ್ಲ. ಕಡಿತವಾದ ಒಂದು ಕಡೆ ಮುಖ್ಯಸ್ಥರೇ ಬಂದು ಒಂದೂವರೆ ಗಂಟೆ ಲೆಕ್ಕಪತ್ರ ತೋರಿಸಿ ವಿವರಿಸಿದರು, ಬೇಸರ ಹೇಳಿಕೊಂಡರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಮಾತು ಮುಗಿಸಿ ಎದ್ದು ಹೋದರು. ಎರಡೂ ಕಡೆ ಹೋದ ದುಡ್ಡು ಒಂದೇ. ಆದರೆ ಕಾಲು ಗಂಟೆಯ ಕಾರ್ಖಾನೆಯಲ್ಲಿ ಸಾಮಾನು ಕಳ್ಳತನ ಎಲ್ಲಕ್ಕಿಂತ ಹೆಚ್ಚಾಯಿತು. ಸಂಬಳ ಮೊದಲಿನಂತಾದ ಮೇಲೆ ಕಳ್ಳತನವೂ ಇಳಿಯಿತು.

ಆ 10 ವಾರದಲ್ಲಿ ಅಲ್ಲಿದ್ದವರ ಸ್ವಭಾವ ಬದಲಾಯಿತಾ? ಇಲ್ಲವಲ್ಲ. ನಮ್ಮ ಕಂಪನಿಗಳಲ್ಲಿ ಅಪ್ರೈಸಲ್ ಹೇಗೆ ನಡೆಯುತ್ತದೆ ನೋಡಿ. ಇಷ್ಟು ಜನಕ್ಕೆ ಮೇಲಿನ ದರ್ಜೆ, ಇಷ್ಟು ಜನಕ್ಕೆ ಕೆಳಗಿನದು ಅಂತ ಮೊದಲೇ ಹಂಚಿಟ್ಟ ಬೆಲ್ ಕರ್ವ್‌ಗೆ ಹೊಂದಿಸಬೇಕು ಅಂತ ಒಬ್ಬನನ್ನು ಕೆಳಗೆ ತಳ್ಳುತ್ತಾರೆ. ಅವನು ಕೇಳಿದರೆ “ಮೇಲಿನವರು ಹೇಳಿದ್ರು, ನನ್ ಕೈಲಿಲ್ಲ” ಅಂತಾರೆ. ಇದು ಕಾಲು ಗಂಟೆಯೂ ಅಲ್ಲ, ಎರಡೇ ನಿಮಿಷ. ಮೆಲುಕು ಹಾಕುವ ಸ್ವಭಾವದವನಿಗೆ ಅಷ್ಟು ಸಾಕು, ಮುಂದಿನ ಅಪ್ರೈಸಲ್‌ವರೆಗೂ ಜಗಿಯುತ್ತಾನೆ. ಹಾಗಂತ ಅವನು ಸುಳ್ಳು ಬಿಲ್ ಹಾಕಿದ್ದನ್ನು ನಾನು ಮಾಫಿ ಮಾಡುವುದಿಲ್ಲ, ವರದಿಯಲ್ಲಿ ಆರೋಪ ಸಾಬೀತಾಗಿದೆ ಅಂತಲೇ ಬರೆಯುತ್ತೇನೆ. ಆದರೆ ಅವನ ದೂರಿಗೆ ಬೇರೆ ಫೈಲು ತೆರೆಯಿರಿ ಅಂತಲೂ ಹೇಳುತ್ತೇನೆ. ಓಟಿ ದುಡ್ಡು ಬಾಕಿ ಇದ್ದರೆ ಅದು ಬಾಕಿಯೇ, ಕಳ್ಳತನ ಮಾಡಿದ ಅಂತ ಅದು ವಜಾ ಆಗುವುದಿಲ್ಲ.

ನೋವನ್ನು ಅಸ್ತ್ರ ಮಾಡಿಕೊಳ್ಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೆನಡಾದ ಎಕಿನ್ ಓಕ್ ಮತ್ತು ಸಂಗಡಿಗರು 2020ರಲ್ಲಿ ಇಂಥವರ ಬಗ್ಗೆ ಬರೆದರು. ತಾನು ನೊಂದವನು, ಜೊತೆಗೆ ಬಹಳ ಒಳ್ಳೆಯವನು ಅಂತ ಪದೇ ಪದೇ ಸಾರುವವರಲ್ಲಿ ಆತ್ಮರತಿ, ಕುತಂತ್ರ, ಕಲ್ಲೆದೆ ಈ ಮೂರೂ ಸರಾಸರಿಯಾಗಿ ಜಾಸ್ತಿ ಕಂಡವು. ನಾಣ್ಯ ಚಿಮ್ಮುವ ಆಟದಲ್ಲಿ ಬೋನಸ್ಸಿಗಾಗಿ ಸುಳ್ಳು ಹೇಳಿದ್ದೂ ಇವರೇ ಹೆಚ್ಚು. ‘ಸರಾಸರಿಯಾಗಿ’ ಅನ್ನುವುದನ್ನು ದಯವಿಟ್ಟು ಬಿಡದೆ ಓದಿ. ಎದುರಿಗೆ ದೂರು ಹಿಡಿದು ಕೂತ ಒಬ್ಬಳು ಹೆಣ್ಣುಮಗಳ ಬಗ್ಗೆ ಆ ಸರಾಸರಿ ಏನನ್ನೂ ಹೇಳುವುದಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 14ನೇ ಸೆಕ್ಷನ್ ಕೂಡ ಇದನ್ನು ಗಮನದಲ್ಲಿ ಇಟ್ಟುಕೊಂಡಿದೆ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಕ್ರಮ ಉಂಟು, ಆದರೆ ದೂರನ್ನು ಸಾಬೀತು ಮಾಡಲು ಆಗಲಿಲ್ಲ ಅಂದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಆಗಬೇಕಿಲ್ಲ. “ಅವಳದ್ದು ಯಾವಾಗ್ಲೂ ಇದೇ ಗೋಳು” ಅನ್ನುವುದು ಸಾಕ್ಷಿ ಅಲ್ಲ. ಇಂಥ ದೂರು ವಿಚಾರಿಸುವ ಸಮಿತಿಯಲ್ಲಿ ಕೂತವರೇ ಹೀಗೆ ಮಾತಾಡುವುದನ್ನು ಕೇಳಿದ್ದೇನೆ, ಮೈ ಉರಿಯುತ್ತದೆ.

ಇದರ ಬಾಲಕ್ಕೆ ಇನ್ನೊಂದು ಪ್ರಶ್ನೆ ಬರುತ್ತದೆ: “ಹಾಗಾದ್ರೆ ಇಂಟರ್‌ವ್ಯೂನಲ್ಲೇ ಇಂಥವರನ್ನ ಕಂಡುಹಿಡಿದು ಬಿಟ್ಟುಬಿಡಬಹುದಲ್ಲ?” ಬೇಡ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂದರೆ ಒಬ್ಬಾಕೆ ಬಾಸ್ ಕಾಟ ಅನ್ನುತ್ತಾಳೆ. ಆ ಬಾಸ್ ನಿಜವಾಗಿಯೂ ಕಾಟ ಕೊಟ್ಟಿದ್ದನೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗಬೇಕು? ಪಳಗಿದವನು ಹೊಸ ಸವಾಲು ಹುಡುಕಿ ಬಂದೆ ಅಂತ ನಗುತ್ತಾ ಹೇಳಿ ಕೆಲಸ ಗಿಟ್ಟಿಸಿಕೊಳ್ಳುತ್ತಾನೆ. ಆ ಹೊತ್ತನ್ನು ನಿಮ್ಮ ಟ್ಯಾಕ್ಸಿ ಬಿಲ್ಲುಗಳನ್ನು ತಿಂಗಳು ತಿಂಗಳೂ ಸರಿಯಾಗಿ ನೋಡುವುದಕ್ಕೆ, ಓಟಿ ದುಡ್ಡನ್ನು ಟೈಮಿಗೆ ಕೊಡುವುದಕ್ಕೆ ಬಳಸಿ.